ಒಳಕೋಣೆಯ ಮಂಚ

ಜನವರಿ 12

ಪ್ರೀತಿಯ ಗುಬ್ಬಿ,

ನಿನ್ನ ಫೋನು ನೀರಿಗೆ ಬಿದ್ದು ಕೆಟ್ಟಿದೆ, ರಿಪೇರಿಯಾಗುವವರೆಗೆ ಕಾಗದ ಬರೆ, ಅದೂ ಮನೆಗಲ್ಲ, ನೀನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಗೇ ಬರೆ ಎಂದು ಬರೆದಿದ್ದೆಯಲ್ಲ, ಹಾಗೇ ಬರೆಯುತ್ತಿದ್ದೇನೆ. ನಿಮ್ಮ ಬೀದಿಯ ಅಂಚೆಯವನು ನೀನು ಹೇಳುವಷ್ಟು ಸೋಮಾರಿಯೇ? ಇರಲಿ. ಕಾಗದ ಬರೆದು ವರ್ಷಗಳಾದವು, ಬೆರಳು ನೋಯುತ್ತಿದೆ. ಒಂದೇ ಅನುಕೂಲವೆಂದರೆ ನಾನು ಹೇಳುವಾಗ ನೀನು ಮಧ್ಯೆ ಬಾಯಿ ಹಾಕುವುದಕ್ಕಾಗುವುದಿಲ್ಲ.

ಸುದ್ದಿ ಏನೆಂದರೆ, ನಮ್ಮ ಗಾರ್ಮೆಂಟ್ಸ್ ಬಾಗಿಲು ಹಾಕಿತು. ಹೋದ ತಿಂಗಳೇ. ನಿನಗೆ ಹೇಳಿದರೆ ಕೂತಲ್ಲೇ ಕೊರಗುತ್ತೀಯ ಎಂದು ಸುಮ್ಮನಿದ್ದೆ. ಇಷ್ಟು ವರ್ಷ ಶರ್ಟುಗಳ ಕಾಲರು, ತೋಳು, ಗುಂಡಿ ನೋಡಿ ನೋಡಿ ಪಾಸು ಮಾಡಿದವಳನ್ನು ಒಂದು ಬೆಳಿಗ್ಗೆ ಗೇಟಿನಲ್ಲೇ ನಿಲ್ಲಿಸಿ ವಾಪಸು ಕಳಿಸಿದರು. ಊರಾಚೆ ಹೊಸ ಫ್ಯಾಕ್ಟರಿ ಬರುತ್ತಿದೆ, ಏಪ್ರಿಲ್‌ನಲ್ಲಿ ಕರೆಯುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಮನೆ ಉಳಿಸಿಕೊಳ್ಳಬೇಕು. ಮಾಲೀಕರು ಬಾಗಿಲಲ್ಲೇ ನಿಂತು ಹೇಳಿ ಹೋದರು: "ಬಾಡಿಗೆ ತಪ್ಪದೆ ಕೊಟ್ರೆ ಇರಿ. ಒಂದು ತಿಂಗಳು ತಪ್ಪಿದ್ರೂ ಖಾಲಿ ಮಾಡಿ. ಮನೆ ಬೇಕು ಅಂತ ಜನ ಕಾಯ್ತಿದಾರೆ."

ಖಾಲಿ ಮಾಡುವ ಮಾತೇ ಇಲ್ಲ. ಅಮ್ಮನನ್ನು ಕರೆದುಕೊಂಡು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ? ಅದಕ್ಕೇ ಮನೆಯಲ್ಲಿ ಹೆಚ್ಚಾಗಿರುವುದನ್ನೆಲ್ಲ ಒಂದು ಆ್ಯಪ್‌ನಲ್ಲಿ ಮಾರಾಟಕ್ಕಿಟ್ಟಿದ್ದೇನೆ. ಮೊದಲು ಊಟದ ಮೇಜು. ನಾನು ಬರೆದದ್ದು ಇದು: "ಊಟದ ಮೇಜು. ಮರ ಗಟ್ಟಿ. ಹಿಂದಿನ ಎಡಗಾಲು ಅಲ್ಲಾಡುತ್ತದೆ, ಕೆಳಗೆ ರಟ್ಟು ಮಡಚಿ ಇಡಬೇಕು. ಮೇಲೆ ಬಿಸಿ ಪಾತ್ರೆಯ ಕಲೆ ಎರಡು. ಅಂಚಿನಲ್ಲಿ ನನ್ನ ತಂಗಿ ಚಿಕ್ಕವಳಿದ್ದಾಗ ಕಚ್ಚಿದ ಹಲ್ಲಿನ ಗುರುತು." ಫ್ಯಾಕ್ಟರಿಯಲ್ಲಿ ದೋಷವಿದ್ದ ಕಡೆ ಅಂಟಿಸುತ್ತಿದ್ದ ಕೆಂಪು ಬಾಣದ ಸ್ಟಿಕ್ಕರ್ ಒಂದು ಹಾಳೆ ನನ್ನ ಚೀಲದಲ್ಲೇ ಉಳಿದಿತ್ತು. ಕಲೆಗೊಂದು, ಕಾಲಿಗೊಂದು, ಹಲ್ಲಿಗೊಂದು ಬಾಣ ಅಂಟಿಸಿ ಫೋಟೋ ತೆಗೆದೆ. ನೋಡುವವರಿಗೆ ಗೊತ್ತಾಗಬೇಕಲ್ಲ!

ಒಬ್ಬರೂ ಬರಲಿಲ್ಲ. ಒಬ್ಬ ಮಾತ್ರ ಕೇಳಿದ, "ಮೇಡಂ, ಬಾಣಗಳು ಮೇಜಿನ ಜೊತೆಗೇ ಬರ್ತವಾ, ಬೇರೆ ದುಡ್ಡಾ?"

ಅಮ್ಮ ಹೇಳುತ್ತಾಳೆ, "ಅಷ್ಟೊಂದು ಸತ್ಯ ನಿನ್ನ ಯಾರು ಕೇಳಿದ್ರು?"

ನೀನು ಚಿಂತೆ ಮಾಡಬೇಡ. ಒಳಕೋಣೆಯಲ್ಲಿ ನಿನ್ನ ಮಂಚ, ಬೀರು ಎಲ್ಲ ಹಾಗೇ ಇವೆ. ನಿಮ್ಮವರನ್ನು ಕೇಳಿದೆನೆಂದು ಹೇಳು.

ನಿನ್ನ ಅಕ್ಕ


ಜನವರಿ 21

ಅಕ್ಕ,

ನಿನ್ನ ಮೇಜಿನ ಜಾಹೀರಾತು ಓದಿ ಇಸ್ತ್ರಿ ಮಾಡುವ ಕೋಣೆಯಲ್ಲಿ ಒಬ್ಬಳೇ ನಕ್ಕೆ. ಮೇಲ್ವಿಚಾರಕಿ ಬಂದು ಹುಷಾರಿದ್ದೀಯಾ ಎಂದು ಕೇಳಿ ಹೋದಳು. ಆಮೇಲೆ ನಗು ನಿಂತಿತು. ಕೆಲಸ ಹೋಗಿ ತಿಂಗಳಾದ ಮೇಲೆ ಹೇಳುತ್ತಿದ್ದೀಯಲ್ಲ, ನಾನೇನು ಪರಕೀಯಳೇ?

ಈಗ ಹೇಳಿದಂತೆ ಕೇಳು. ಬಾಣಗಳನ್ನೆಲ್ಲ ಕಿತ್ತು ಬಿಸಾಕು. ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಹತ್ತಿರ ಫೋಟೋ ತೆಗೆ. ಅಲ್ಲಾಡುವ ಕಾಲು ಗೋಡೆಯ ಕಡೆಗಿರಲಿ. ಕಲೆಯ ಮೇಲೆ ಗಾಜಿನ ಬೋಗುಣಿಯಲ್ಲಿ ಹಣ್ಣಿಡು. ಹಣ್ಣಿಲ್ಲದಿದ್ದರೆ ಹೂಜಿ ಇಡು. ಬರೆಯುವುದು ಇಷ್ಟೇ: "ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವಂಥ ಗಟ್ಟಿ ಮರದ ಮೇಜು. ಮನೆ ಬದಲಾಯಿಸುತ್ತಿರುವುದರಿಂದ ಕೊಡುತ್ತಿದ್ದೇವೆ." ದುಡ್ಡು ಬೇಕಾಗಿದೆ ಎಂಬ ವಾಸನೆ ಬಡಿದರೆ ಸಾಕು, ಅರ್ಧ ಬೆಲೆಗೆ ಕೇಳುತ್ತಾರೆ. ನಿನ್ನ ಮನಸ್ಸಿನಲ್ಲಿರುವ ಬೆಲೆಗಿಂತ ಹೆಚ್ಚು ಹೇಳು, ಅವರು ಕಡಿಮೆ ಮಾಡಿಸಿದ ಖುಷಿಯಲ್ಲಿರಲಿ. "ಲಾಸ್ಟ್ ಎಷ್ಟು" ಎಂದವರಿಗೆ ತಕ್ಷಣ ಉತ್ತರ ಕೊಡಬೇಡ. ಸಂಜೆವರೆಗೆ ಕಾಯಿಸು. ಬೆಳಿಗ್ಗೆಯೇ ಇಬ್ಬರು ನೋಡಿಕೊಂಡು ಹೋದರು ಎನ್ನು.

ಇಲ್ಲಿ ಎಲ್ಲ ಚೆನ್ನಾಗಿದೆ. ಅವರೂ ಚೆನ್ನಾಗಿದ್ದಾರೆ, ಕೆಲಸ ಜಾಸ್ತಿ. ಕಾಗದ ಲಾಂಡ್ರಿಗೇ ಬರೆ.

ಒಳಕೋಣೆಯ ಗೋಡೆ ಒಣಗಿದೆಯಾ? ಹಿಂದೆ ಕಿಟಕಿಯ ಕೆಳಗೆ ತೇವ ಬರುತ್ತಿತ್ತು. ನನ್ನ ಮಂಚವನ್ನು ಆ ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದಿಡು. ಹಾಸಿಗೆಗೆ ಒಂದು ದಿನ ಬಿಸಿಲು ತೋರಿಸು. ಏನು ಬೇಕಾದರೂ ಮಾರು, ಅದನ್ನು ಮಾತ್ರ ಮುಟ್ಟಬೇಡ.

ನಿನ್ನ ಗುಬ್ಬಿ


ಫೆಬ್ರವರಿ 2

ಪ್ರೀತಿಯ ಗುಬ್ಬಿ,

ಮೇಜು ಹೋಯಿತು! ಬಾಣ ಕಿತ್ತೆ, ಹೂಜಿ ಇಟ್ಟೆ, ನೀನು ಹೇಳಿದ್ದನ್ನೇ ಅಕ್ಷರ ಬಿಡದೆ ಬರೆದೆ. ಮೂರನೆಯ ದಿನಕ್ಕೆ ಒಬ್ಬ ಬಣ್ಣ ಬಳಿಯುವವನು ಬಂದು ಹೊತ್ತುಕೊಂಡು ಹೋದ. ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗ್ಗೆ ನಾನೇ ಅವನಿಗೆ ಫೋನ್ ಮಾಡಿ, "ಹಿಂದಿನ ಎಡಗಾಲು ಅಲ್ಲಾಡುತ್ತೆ, ರಟ್ಟು ಇಡ್ಬೇಕು" ಎಂದೆ. ಅವನು, "ಗೊತ್ತಾಯ್ತು ಮೇಡಂ, ಸಾರು ಚೆಲ್ಲಿ ಆಯ್ತು" ಎಂದ. ತೆಗೆದುಕೊಂಡದ್ದರಲ್ಲಿ ಸ್ವಲ್ಪ ವಾಪಸು ಕಳಿಸಿದೆ. ಬೈಯಬೇಡ. ಅಮ್ಮ ಈಗಾಗಲೇ ಬೈದಿದ್ದಾಳೆ.

ಉಳಿದದ್ದರ ಕಥೆ ಕೇಳಬೇಡ. ಈ ಫೋನು ಬಡಿದುಕೊಂಡಾಗಲೆಲ್ಲ ಒಲೆ ಬಿಟ್ಟು ಓಡುತ್ತೇನೆ. "ಇದೆಯಾ?" ಎಂದು ಕೇಳುತ್ತಾರೆ. "ಇದೆ" ಎನ್ನುತ್ತೇನೆ. ಅಷ್ಟೇ, ಆಸಾಮಿ ನಾಪತ್ತೆ. ಒಬ್ಬ ಕಪಾಟಿನ ಉದ್ದ ಕೇಳಿದ, ಅಗಲ ಕೇಳಿದ, ಹಿಂಬದಿಯ ಫೋಟೋ ಕೇಳಿದ, ನಾನು ಬೆನ್ನು ಮುರಿದುಕೊಂಡು ಅದನ್ನು ತಿರುಗಿಸಿ ಫೋಟೋ ತೆಗೆದು ಕಳಿಸಿದೆ. ಆಮೇಲೆ, "ಸುಮ್ನೆ ಕೇಳ್ದೆ, ನಮ್ಮನೇಲೂ ಇಂಥದ್ದೇ ಇದೆ" ಎಂದ. ಇನ್ನೊಬ್ಬ ವಾಷಿಂಗ್ ಮೆಷಿನ್‌ಗೆ ಬದಲಾಗಿ ಮೀನಿನ ತೊಟ್ಟಿ ಕೊಡುತ್ತಾನಂತೆ, ಮೀನಿನ ಸಮೇತ! ಟೇಬಲ್ ಫ್ಯಾನ್ ನೋಡಲು ಒಬ್ಬ ಹೆಂಗಸು ಬಂದಳು. ಹಾಕಿ ತೋರಿಸಿ ಎಂದಳು. ಹಾಕಿದೆ. ಮುಂದೆ ಕೂತಳು. ನೀರು ಕೇಳಿದಳು. ಬೆವರು ಆರಿದ ಮೇಲೆ ಎದ್ದು, "ಗಾಳಿ ಚೆನ್ನಾಗಿದೆ" ಎಂದು ಹೊರಟೇಬಿಟ್ಟಳು.

ಅಮ್ಮನದು ಬೇರೆ ರಗಳೆ. ತೋಳಿನ ಕುರ್ಚಿ ನೋಡಲು ಗಂಡ ಹೆಂಡತಿ ಬಂದರೆ ಇವಳು ಅದರಲ್ಲೇ ಕೂತಿದ್ದಾಳೆ. ಏಳಮ್ಮಾ ಎಂದರೆ, "ನೋಡ್ಲಿ, ನಾನೇನು ಅಡ್ಡ ಇದೀನಾ?" ಎನ್ನುತ್ತಾಳೆ. ಅವರು ಕುರ್ಚಿಯನ್ನೂ ಅಮ್ಮನನ್ನೂ ಸುತ್ತಿ ಸುತ್ತಿ ನೋಡಿ ಹೋದರು.

ನೀನು ಇದನ್ನೆಲ್ಲ ಎಲ್ಲಿ ಕಲಿತೆ? ದಲ್ಲಾಳಿಯ ಹಾಗೆ ಬರೆಯುತ್ತೀಯ.

ಗುಬ್ಬಿ, ಫೆಬ್ರವರಿಯ ಬಾಡಿಗೆ ಕೊಟ್ಟಾಯಿತು. ಮಾರ್ಚ್ ಹೇಗೆ ಎಂದು ತಲೆ ಚಿಟ್ಟು ಹಿಡಿದಿದೆ. ಮನೆಯಲ್ಲಿ ಒಳ್ಳೆಯ ಬೆಲೆ ಬರುವಂಥದ್ದು ಅಂದರೆ ನಿನ್ನ ಮಂಚ, ಬೀರು. ಗಟ್ಟಿ ಮರ, ಒಂದು ಬಾಣಕ್ಕೂ ಜಾಗವಿಲ್ಲ. ನಿನಗೆ ಅಲ್ಲಿ ಗಂಡನ ಮನೆಯಲ್ಲಿ ಮಂಚಕ್ಕೇನು ಬರವೇ? ಮಾರಲೇ?

ನಿನ್ನ ಅಕ್ಕ


ಫೆಬ್ರವರಿ 10

ಅಕ್ಕ,

ಬೀರು ಬೇಕಾದರೆ ಆಮೇಲೆ ನೋಡೋಣ. ಮಂಚ ಬೇಡ. ಕಾರಣ ಕೇಳಬೇಡ.

ಕಪಾಟು ಮಾರಾಟವಾಗದಿದ್ದರೆ ಅದರ ಫೋಟೋದಲ್ಲಿ ಪುಸ್ತಕ ಜೋಡಿಸು, ಖಾಲಿ ಕಪಾಟು ಯಾರಿಗೂ ಇಷ್ಟವಾಗುವುದಿಲ್ಲ. ಫ್ಯಾನು ನೋಡಲು ಬಂದವರಿಗೆ ಕೂರಲು ಜಾಗ ಕೊಡಬೇಡ. ಜಾಹೀರಾತು ಬರೆಯುವುದು ಇಲ್ಲಿ ಕೆಲಸದ ಕಡೆ ಯಾರೋ ಹೇಳಿಕೊಟ್ಟರು.

ಈ ತಿಂಗಳು ನನ್ನಿಂದ ಏನೂ ಕಳಿಸಲಾಗುವುದಿಲ್ಲ. ಅಮ್ಮನಿಗೆ ನಮಸ್ಕಾರ.

ಗುಬ್ಬಿ


ಫೆಬ್ರವರಿ 17

ಗುಬ್ಬಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೆಯ ಸಲ ಇನ್ನೂ ಜಾಸ್ತಿ ಮೈ ಉರಿಯಿತು.

ಕಾರಣ ಕೇಳಬಾರದಂತೆ! ನೀನು ಮದುವೆಯಾಗಿ ಹೋಗಿ ಆರು ವರ್ಷವಾಯಿತು. ಆ ಮಂಚದ ಮೇಲೆ ಯಾರೂ ಮಲಗುವುದಿಲ್ಲ. ನಾನು ಅಮ್ಮನ ಕಾಲ ಬುಡದಲ್ಲಿ ನೆಲದ ಮೇಲೆ ಮಲಗಿ, ವಾರಕ್ಕೊಮ್ಮೆ ನಿನ್ನ ಮಂಚದ ಧೂಳು ಒರೆಸುತ್ತೇನೆ. ನಿನ್ನನ್ನು ದುಡ್ಡು ಕೇಳಲಿಲ್ಲ. ಇಬ್ಬರು ದುಡಿಯುವ ಮನೆ, ಕಳಿಸಿದ್ದರೆ ಕಳಿಸಬಹುದಿತ್ತು, ಆ ಮಾತನ್ನೂ ನಾನು ಎತ್ತಲಿಲ್ಲ. ಒಂದು ಮಂಚ ಕೇಳಿದೆ. ಅಮ್ಮ ಬೀದಿಗೆ ಬಿದ್ದರೂ ಚಿಂತೆಯಿಲ್ಲ, ನಿನ್ನ ಮಂಚ ನೆರಳಲ್ಲಿರಬೇಕು, ಅಲ್ಲವೇ? ಗೋಡೆಯಿಂದ ಈಚೆಗೆ ಎಳೆ, ಹಾಸಿಗೆಗೆ ಬಿಸಿಲು ತೋರಿಸು ಎಂದು ನನಗೇ ಹುಕುಂ ಬೇರೆ.

ಹೊಸ ಫ್ಯಾಕ್ಟರಿಯವರು ಏಪ್ರಿಲ್ ಎಂದದ್ದನ್ನು ಈಗ ಜೂನ್ ಎನ್ನುತ್ತಿದ್ದಾರೆ. ಮಾಲೀಕರು ದಿನ ಬಿಟ್ಟು ದಿನ ಮೆಟ್ಟಿಲಲ್ಲಿ ಕೆಮ್ಮುತ್ತಾರೆ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ತಂಗಿ ಅಂತ ಒಬ್ಬಳಿದ್ದಾಳೆ ಎಂಬ ಧೈರ್ಯವೊಂದಿತ್ತು.

ಉತ್ತರ ಬರೆಯುವುದಿದ್ದರೆ ಕಾರಣ ಬರೆ. ಇಲ್ಲದಿದ್ದರೆ ಬರೆಯಬೇಡ.

ಅಕ್ಕ


ಮಾರ್ಚ್ 1

ಅಕ್ಕ,

ನಿನ್ನ ಕಾಗದ ಬಂದು ಐದು ದಿನವಾಯಿತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಡಬ್ಬಿಗೆ ಹಾಕಿಬಿಡುತ್ತೇನೆ.

ನಾನು ಆ ಮನೆಯಲ್ಲಿಲ್ಲ. ನವೆಂಬರಿನಲ್ಲೇ ಬಿಟ್ಟೆ. ಲಾಂಡ್ರಿಯ ಹಿಂದೆ ಹರಿದ ಬಟ್ಟೆ ತುಂಬುವ ಉಗ್ರಾಣವಿದೆ, ಮೇಲ್ವಿಚಾರಕಿ ದಯೆ ತೋರಿ ಅಲ್ಲಿ ಮಲಗಲು ಬಿಟ್ಟಿದ್ದಾಳೆ. ದೊಡ್ಡ ಸಾಹೇಬರು ಬಂದ ದಿನ ಎಲ್ಲಾದರೂ ಸುತ್ತಾಡಿಕೊಂಡು ಬರುತ್ತೇನೆ. ಫೋನು ನೀರಿಗೆ ಬಿದ್ದಿಲ್ಲ, ಮಾರಿದೆ. ಇದ್ದಿದ್ದರೂ ನಿನಗೆ ಮಾಡುತ್ತಿರಲಿಲ್ಲ. ನನ್ನ ದನಿ ಕೇಳಿದ ಕೂಡಲೇ ನೀನು ಕಂಡುಹಿಡಿದುಬಿಡುತ್ತೀಯ.

ಜಾಹೀರಾತು ಎಲ್ಲಿ ಕಲಿತೆ ಎಂದು ಕೇಳಿದ್ದೆಯಲ್ಲ. ಮನೆಯಲ್ಲೇ ಕಲಿತೆ. ಅವರಿಗೆ ಫೋನಿನಲ್ಲಿ ಜೂಜಾಡುವ ಚಟ. ಮೊದಲು ಟಿವಿ ಹೋಯಿತು. ಹೊಸದು ತರೋಣ ಎಂದರು, ನಂಬಿದೆ. ಆಮೇಲೆ ಸೋಫಾ, ಫ್ರಿಜ್ಜು, ನನ್ನ ಹೊಲಿಗೆ ಯಂತ್ರ. "ನೀನು ಚೆನ್ನಾಗಿ ಬರೀತೀಯ, ನಾಲ್ಕು ಸಾಲು ಬರ್ಕೊಡು" ಎಂದು ನನ್ನ ಕೈಯಲ್ಲೇ ಬರೆಸುತ್ತಿದ್ದರು. ಬರೆದುಕೊಟ್ಟೆ. "ಮನೆ ಬದಲಾಯಿಸುತ್ತಿರುವುದರಿಂದ" ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ಸಂಜೆ ಕೆಲಸದಿಂದ ಬಂದರೆ ನಾನು ಮಲಗುವ ಮಂಚವಿರಲಿಲ್ಲ. ಅದರ ನಾಲ್ಕು ಕಾಲಿನ ಗುರುತು ನೆಲದ ಮೇಲಿತ್ತು. ಅವರು ಗೋಡೆಗೊರಗಿ ಕೂತು, "ನಾಳೆ ಗೆದ್ರೆ ಇದಕ್ಕಿಂತ ದೊಡ್ಡದು ತರ್ತೀನಿ" ಎಂದರು. ನಾನು ಚಪ್ಪಲಿ ಬಿಚ್ಚಿರಲೇ ಇಲ್ಲ, ಹಾಗೇ ಹೊರಟುಬಂದೆ.

ನಿನ್ನ ಹತ್ತಿರ ಬರಬೇಕೆಂದು ಜನವರಿಯಲ್ಲಿ ಗಂಟು ಕಟ್ಟಿದ್ದೆ. ಅಷ್ಟರಲ್ಲಿ ಕೆಲಸ ಹೋಯಿತು ಎಂಬ ನಿನ್ನ ಕಾಗದ ಬಂತು. ಇನ್ನೊಂದು ಬಾಯಿ ತಂದು ನಿನ್ನ ಮೇಲೆ ಹೇಗೆ ಹೇರಲಿ? ರಾತ್ರಿ ಈ ಬಟ್ಟೆ ರಾಶಿಯ ಮೇಲೆ ಮಲಗಿದಾಗ ಒಳಕೋಣೆಯ ಮಂಚ ನೆನೆಸಿಕೊಳ್ಳುತ್ತೇನೆ. ನನ್ನದು ಅಂತ ಮಾರಾಟವಾಗದೆ ಉಳಿದಿರುವುದು ಅದೊಂದೇ. ಕಾರಣ ಇಷ್ಟೇ.

ಬರಲೇ ಎಂದು ಕೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ. ಬರಲೇ ಅಕ್ಕ?

ಗುಬ್ಬಿ


ಮಾರ್ಚ್ 2

ಗುಬ್ಬಿ,

ನೀನು ಬರೆಯಲಿಲ್ಲ. ಬರೆಯಬೇಡ ಎಂದವಳು ನಾನೇ, ಆದರೂ ದಿನಾ ಅಂಚೆಯವನ ದಾರಿ ಕಾಯುತ್ತಿದ್ದೆ. ಕೋಪದಲ್ಲಿ ಆಡಿದ ಮಾತು ಹೊಟ್ಟೆಗೆ ಹಾಕಿಕೋ.

ಇದನ್ನು ಹೇಳದೆ ಮಾಡಿದೆ ಅನ್ನಿಸಬಾರದೆಂದು ಬರೆಯುತ್ತಿದ್ದೇನೆ. ಒಳಕೋಣೆಯನ್ನು ಬಾಡಿಗೆಗೆ ಕೊಟ್ಟೆ. ಬೇರೆ ದಾರಿ ಕಾಣಲಿಲ್ಲ. ಆ್ಯಪ್‌ನಲ್ಲಿ ನಿನ್ನ ಹಾಗೇ ಬರೆದೆ: "ಬೆಳಕು, ಗಾಳಿ ಚೆನ್ನಾಗಿರುವ ಕೋಣೆ. ಮನೆಯ ವಾತಾವರಣ." ತೇವದ ಗೋಡೆ, ಅಮ್ಮನ ಗೊರಕೆ, ನಲ್ಲಿಯ ಕಿರುಚಾಟ, ಒಂದನ್ನೂ ಬರೆಯಲಿಲ್ಲ. ನೀನಿದ್ದಿದ್ದರೆ ಬೆನ್ನು ತಟ್ಟುತ್ತಿದ್ದೆ. ಅದೇ ಸಂಜೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಂದು ನೋಡಿ ಮುಂಗಡ ಕೊಟ್ಟಳು. ಮಾಲೀಕರಿಗೆ ಮಾರ್ಚ್‌ನದು ಕೊಟ್ಟೆ. ಇನ್ನು ಜೂನ್‌ವರೆಗೆ ಉಸಿರಾಡಬಹುದು.

ಅವಳಿಗೆ ಅವಳದೇ ಮಂಚವಿದೆಯಂತೆ. ಎರಡು ಮಂಚ ಆ ಕೋಣೆಯಲ್ಲಿ ಹಿಡಿಯುವುದಿಲ್ಲ. ನಿನ್ನದನ್ನೂ ಆ್ಯಪ್‌ನಲ್ಲಿ ಹಾಕಿದೆ, ನಿನ್ನೆ ಒಬ್ಬ ಬಂದು ಕೊಂಡು ಗಾಡಿಯಲ್ಲಿ ಹಾಕಿಕೊಂಡು ಹೋದ. ಹೋಗುವಾಗ ಬಾಗಿಲಿಗೆ ಸಿಕ್ಕಿಕೊಂಡಿತು, ಹೊರಗೆ ಬರಲೇ ಒಲ್ಲದು, ಕಾಲು ಬಿಚ್ಚಬೇಕಾಯಿತು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ನನಗೆ ಕೆಲಸ ಸಿಕ್ಕಿದ ಮೇಲೆ ನಿನಗೆ ಇದಕ್ಕಿಂತ ಒಳ್ಳೆಯದನ್ನು ತರುತ್ತೇನೆ. ಆಣೆ ಮಾಡಿ ಹೇಳುತ್ತೇನೆ. ಕೋಪವಿದ್ದರೆ ಬೈದು ಬರೆ, ಆದರೆ ಬರೆ.

ನಿನ್ನ ಅಕ್ಕ


ಮಾರ್ಚ್ 9

ಅಕ್ಕ,

ನಿನ್ನ ಕಾಗದ ಬಂತು. ಒಳ್ಳೆಯ ಕೆಲಸ ಮಾಡಿದೆ. ಬಾಡಿಗೆ ಕೂತಲ್ಲೇ ಬರುವ ಹಾಗಾಯಿತು, ಅಮ್ಮನಿಗೂ ಮನೆ ಉಳಿಯಿತು. ಮಂಚದ ವಿಷಯ ಮರೆತುಬಿಡು, ನಾನು ಸುಮ್ಮನೆ ಹಟ ಮಾಡಿದೆ. ಎಷ್ಟಾದರೂ ಮರ ತಾನೇ.

ನಾನು ಒಂದನೇ ತಾರೀಖಿನಲ್ಲಿ ಒಂದು ಕಾಗದ ಹಾಕಿದ್ದೆ. ಅದು ಇನ್ನೂ ಬಂದಿಲ್ಲದಿದ್ದರೆ, ಬಂದಾಗ ಒಡೆಯಬೇಡ, ಹಾಗೇ ಒಲೆಗೆ ಹಾಕು. ಓದಿದ್ದರೆ ಓದಿಲ್ಲ ಅಂದುಕೋ. ಜ್ವರದಲ್ಲಿ ಏನೇನೋ ಬರೆದಿದ್ದೆ. ಇಲ್ಲಿ ಎಲ್ಲ ಚೆನ್ನಾಗಿದೆ.

ಬಾಡಿಗೆಯ ಹುಡುಗಿಯಿಂದ ಕರೆಂಟಿನ ದುಡ್ಡು ಬೇರೆ ತೆಗೆದುಕೋ. ಸಂಕೋಚ ಮಾಡಬೇಡ.

ಗುಬ್ಬಿ


ಮಾರ್ಚ್ 16

ಗುಬ್ಬಿ,

ನಿನ್ನ ಒಂದನೇ ತಾರೀಖಿನ ಕಾಗದ ಎಲ್ಲಿ ಸತ್ತಿತ್ತೋ, ನಿನ್ನೆ ಬಂತು. ಒಂಬತ್ತರ ಕಾಗದವೂ ಅದೇ ಕಟ್ಟಿನಲ್ಲಿ ಬಂತು. ಒಲೆಗೆ ಹಾಕು ಎಂಬುದನ್ನು ಮೊದಲು ಓದಿದೆ. ಹಾಕಲಿಲ್ಲ. ನನ್ನ ಬುದ್ಧಿ ನಿನಗೆ ಗೊತ್ತಿಲ್ಲವೇ?

ಓದಿದ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಇಬ್ಬರು ದುಡಿಯುವ ಮನೆ ಎಂದು ಬರೆದೆನಲ್ಲ, ಆ ಕೈ ಮುರಿಯಬಾರದಿತ್ತೇ. ಶರ್ಟಿನ ಒಳಗಡೆ ಬಿಟ್ಟುಹೋದ ಒಂದು ಹೊಲಿಗೆ ಹಿಡಿಯುವವಳು ನಾನು. ಅಂಚೆಯವನು ಸೋಮಾರಿ ಎಂದು ನೀನು ಬರೆದದ್ದನ್ನು ನಂಬಿದೆ.

ಮೊದಲು ಮಂಚ ಹುಡುಕಿಕೊಂಡು ಓಡಿದೆ. ಕೊಂಡವನು ಫೋನು ಎತ್ತಲಿಲ್ಲ. ಆ್ಯಪ್ ತೆಗೆದರೆ ನಿನ್ನ ಮಂಚ ಅಲ್ಲೇ ಇದೆ! ನಾನು ತೆಗೆದ ಫೋಟೋನೇ ಹಾಕಿ, ನಾನು ಬರೆದದ್ದನ್ನೇ ಬರೆದು, ಬೆಲೆ ಮಾತ್ರ ದುಪ್ಪಟ್ಟು ಮಾಡಿದ್ದಾನೆ. ಕೊಂಡು ಮಾರುವುದೇ ಅವನ ಕಸುಬಿರಬೇಕು. ಏನು ಮಾಡಲಿ, "ಇದೆಯಾ?" ಎಂದು ಬರೆದೆ. "ಇದೆ" ಎಂದ. "ಲಾಸ್ಟ್ ಎಷ್ಟು?" ಎಂದೆ. ಸಂಜೆವರೆಗೆ ಕಾಯಿಸಿ, "ಬೆಳಿಗ್ಗೆಯೇ ಇಬ್ಬರು ನೋಡ್ಕೊಂಡು ಹೋದ್ರು" ಎಂದ. ನಗು ಬಂತು, ಅಳುವೂ ಬಂತು. ನನ್ನ ತಂಗಿ ಮಲಗುವ ಮಂಚ ಅದು, ತಪ್ಪಾಗಿ ಕೊಟ್ಟುಬಿಟ್ಟೆ ಎಂದು ಕೈ ಮುಗಿದು ಬರೆದೆ. ಉತ್ತರವಿಲ್ಲ. ಇವತ್ತು ನೋಡಿದರೆ "ಮಾರಾಟವಾಗಿದೆ" ಎಂದಿದೆ. ಮಂಚ ಹೋಯಿತು ಗುಬ್ಬಿ. ಅದನ್ನು ನಾನೇ ಕಳೆದೆ.

ಕೋಣೆಯೂ ಇಲ್ಲ. ಔಷಧಿ ಅಂಗಡಿಯ ಹುಡುಗಿಗೆ ಎಲ್ಲ ಹೇಳಿದೆ. ಪಾಪ, ಅವಳು ತನ್ನ ಹಳೆಯ ಕೋಣೆ ಬಿಟ್ಟು ಬಂದಿದ್ದಾಳೆ, ಎಲ್ಲಿಗೆ ಹೋಗುತ್ತಾಳೆ? ಅವಳನ್ನು ಹೊರಗೆ ಹಾಕಿದರೆ ಮಾಲೀಕರು ನಮ್ಮೆಲ್ಲರನ್ನೂ ಹಾಕುತ್ತಾರೆ. ಹಾಗಾಗಿ ನಡುಮನೆಯೇ ಗತಿ. ಅಮ್ಮ, ನಾನು, ನೀನು, ಮೂವರೂ ನೆಲದ ಮೇಲೆ. ಅಮ್ಮನಿಗೂ ಹೇಳಿಬಿಟ್ಟೆ. ಅವಳು ಎದ್ದು ಚಾಪೆ ಬಿಡಿಸಿ ಹಾಸಿ ನೋಡಿ, "ಗೋಡೆ ಪಕ್ಕ ಅವಳಿಗೆ ಬಿಡು. ಅವಳು ನಿದ್ದೇಲಿ ಉರುಳ್ತಾಳೆ" ಎಂದಳು.

ನೀನು ಬರಲೇ ಎಂದು ಕೇಳಿ ಹದಿನೈದು ದಿನವಾಯಿತು. ಬಾ ಎಂದು ಬರೆದರೆ ಅದು ನಿನ್ನ ಕೈಸೇರಲು ಇನ್ನೊಂದು ವಾರ. ಸೇರಿದರೂ ನೀನು ಬರುವುದಿಲ್ಲ, ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಇನ್ನೊಂದು ಕಾಗದ ಬರೆಯುತ್ತೀಯ. ಈ ಕಾಗದಗಳ ಸಹವಾಸ ಸಾಕು. ನಾಳೆ ಬೆಳಿಗ್ಗೆಯ ಬಸ್ಸಿಗೆ ನಾನೇ ಹೊರಟಿದ್ದೇನೆ. ಲಾಂಡ್ರಿಯ ಗೇಟಿನಲ್ಲಿ ಬಂದು ನಿಲ್ಲುತ್ತೇನೆ, ನೀನು ಎಲ್ಲಿಗೂ ಸುತ್ತಾಡಲು ಹೋಗಬೇಡ. ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬಂದೆ. ಆದರೂ ಹಾಕುತ್ತೇನೆ, ಕೈ ಸುಮ್ಮನಿರುತ್ತಿಲ್ಲ.

ನಾನು ಬರುವ ಒಂದು ಟಿಕೆಟಿಗೆ, ನಾವಿಬ್ಬರೂ ವಾಪಸು ಬರುವ ಎರಡು ಟಿಕೆಟಿಗೆ ಇವತ್ತು ಮಧ್ಯಾಹ್ನ ನಿನ್ನ ಬೀರು ಮಾರಿದೆ. ನಿನ್ನನ್ನು ಕೇಳಲಿಲ್ಲ. ಬೈಯುವುದಿದ್ದರೆ ಎದುರಿಗೇ ಬೈ.

ನಿನ್ನ ಅಕ್ಕ